ಎಡಗೈ ಪುಸ್ತಕದಲ್ಲಿ ನಾನು ಹುಡುಕಿದ ಹೆಸರು

ಕತ್ತರಿ ಅಕ್ಕನ ಬಗ್ಗೆ ಬರೆಯುವ ಮುಖ ನನಗಿಲ್ಲ. ಆದರೂ ಬರೆಯುತ್ತೇನೆ. ಬೇರೆ ಯಾರಾದರೂ ಬರೆದರೆ ಅವರ ಇಪ್ಪತ್ತೇಳು ವರ್ಷದ ಕೆಲಸವನ್ನು ಚೆನ್ನಾಗಿ ಬರೆದಾರು, ನಾನು ಮಾಡಿದ್ದನ್ನು ಮಾತ್ರ ಮರ್ಯಾದೆಗೆ ಬಿಟ್ಟುಬಿಡುತ್ತಾರೆ. ಅದು ಬಿಟ್ಟುಹೋಗಬಾರದು.

ನಮ್ಮದು ಆಸ್ಪತ್ರೆಯ ನೆಲಮಾಳಿಗೆ. ಆಪರೇಷನ್ ಥಿಯೇಟರಿನಿಂದ ಇಳಿದು ಬಂದ ಕತ್ತರಿ, ಚಿಮಟ, ಕೊಕ್ಕೆಗಳನ್ನು ತೊಳೆದು, ಒರೆಸಿ, ದೀಪದ ಕೆಳಗೆ ಹಿಡಿದು ನೋಡಿ, ಎಣಿಸಿ, ಡಬ್ಬಿಗೆ ಜೋಡಿಸಿ, ಬಟ್ಟೆ ಸುತ್ತಿ, ಹಬೆಯಲ್ಲಿ ಬೇಯಿಸಿ ಮತ್ತೆ ಮೇಲಕ್ಕೆ ಕಳಿಸುವ ಜಾಗ. ಕಿಟಕಿ ಇರುವುದೊಂದೇ, ಅದೂ ಚಾವಣಿಯ ಹತ್ತಿರ. ಅದರಲ್ಲಿ ಕಾಣುವುದು ಹೊರಗೆ ಓಡಾಡುವವರ ಚಪ್ಪಲಿ ಮಾತ್ರ. ಗುಣವಾಗಿ ಮನೆಗೆ ಹೋಗುವವರು ಡಾಕ್ಟರಿಗೆ ಕೈಮುಗಿಯುತ್ತಾರೆ, ನರ್ಸುಗಳಿಗೆ ಸಿಹಿ ಕೊಡುತ್ತಾರೆ. ನಾವೊಂದು ಒಂಬತ್ತು ಜನ ಕೆಳಗಿದ್ದೇವೆ ಅಂತ ಯಾರಿಗೂ ಗೊತ್ತಿಲ್ಲ. ಏನಾದರೂ ಎಡವಟ್ಟಾದಾಗ ಮಾತ್ರ ಎಲ್ಲರಿಗೂ ದಾರಿ ಗೊತ್ತಾಗುತ್ತದೆ.

ಅಲ್ಲಿ ನಾನು ಸೂಪರ್‌ವೈಸರ್. ಏನು ಮಹಾ ಕೆಲಸ! ಮೇಲಿನವರಿಂದ ಬೈಸಿಕೊಂಡು ಕೆಳಗಿನವರಿಗೆ ಹಂಚುವುದು. ಕೋಪ ನನಗೆ ಮೂಗಿನ ತುದಿಯಲ್ಲಿ, ಮಾತು ನಾಲಿಗೆಯ ತುದಿಯಲ್ಲಿ. ನಾನು ಶುರು ಮಾಡಿದರೆ ಹಬೆ ಮೆಷಿನ್ನಿನ ಸದ್ದೂ ಕೇಳಿಸುವುದಿಲ್ಲ ಅನ್ನುತ್ತಾನೆ ಆ ಮೆಷಿನ್ ನಡೆಸುವ ಕುಕ್ಕರಣ್ಣ. ದೊಡ್ಡ ಕುಕ್ಕರಿನ ಮುಂದೆ ಹತ್ತೊಂಬತ್ತು ವರ್ಷ ನಿಂತವನಿಗೆ ಬೇರೆ ಯಾವ ಹೆಸರು ಇಡೋಣ ಹೇಳಿ.

ಕತ್ತರಿ ಅಕ್ಕನಿಗೆ ಆ ಹೆಸರು ಬಂದದ್ದು ಅವರ ಕಿವಿಯಿಂದ. ಒಂದೊಂದು ಕತ್ತರಿಯನ್ನೂ ಕಿವಿಯ ಹತ್ತಿರ ಹಿಡಿದು ತೆರೆದು ಮುಚ್ಚುತ್ತಿದ್ದರು. ಆಮೇಲೆ ಒದ್ದೆ ಬ್ಯಾಂಡೇಜಿನ ಒಂದು ಎಳೆ ಕತ್ತರಿಸಿ ನೋಡುತ್ತಿದ್ದರು. ಎಳೆ ಸ್ವಲ್ಪ ಎಳೆದಾಡಿದರೂ ಸಾಕು, "ಇದು ಜಗಿಯುತ್ತೆ, ಕತ್ತರಿಸಲ್ಲ" ಅಂತ ಪಕ್ಕಕ್ಕೆ ಇಡುತ್ತಿದ್ದರು. ಹೊಸ ಡಾಕ್ಟರೊಬ್ಬರು ಒಮ್ಮೆ ಕೆಳಗಿಳಿದು ಬಂದು, ನನ್ನ ಕತ್ತರಿ ಸರಿಯಾಗೇ ಇದೆ, ಸುಮ್ಮನೆ ಯಾಕೆ ತೆಗೆದಿಟ್ಟಿರಿ ಅಂತ ಜಗಳ ತೆಗೆದರು. ಅಕ್ಕ ಅವರ ಕೈಗೇ ಕತ್ತರಿ ಕೊಟ್ಟು ಒದ್ದೆ ಎಳೆ ಹಿಡಿದರು. ಕತ್ತರಿ ಜಗಿಯಿತು. ಡಾಕ್ಟರು ಬಂದ ದಾರಿ ಹಿಡಿದರು.

ನನಗೆ ಕೆಲಸ ಕಲಿಸಿದವರೂ ಅವರೇ. ಮೊದಲ ದಿನ ನಾನು ಚಿಮಟಗಳನ್ನು ಮುಚ್ಚಿದ ಹಾಗೇ ಉಜ್ಜುತ್ತಿದ್ದೆ, ಜೊತೆಗೆ ಬಸ್ಸಿನಲ್ಲಿ ಯಾರೋ ಕಾಲು ತುಳಿದ ಕಥೆ ಹೇಳುತ್ತಿದ್ದೆ. ಅಕ್ಕ ನನ್ನ ಕೈಯಿಂದ ಚಿಮಟ ಕಿತ್ತುಕೊಂಡು, "ತಾಯಿ, ನೀನು ಬಾಯಿ ಮುಚ್ಚು, ಇದರ ಬಾಯಿ ತೆಗಿ. ಆಗ ಎರಡೂ ಸರಿಹೋಗುತ್ತೆ" ಅಂದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೂ ನಗು ಬಂತು. ಹದಿನಾರು ವರ್ಷ ಆಯಿತು. ಚಿಮಟದ ಬಾಯಿ ತೆಗೆಯುವುದು ಕಲಿತೆ, ಇನ್ನೊಂದನ್ನು ಕಲಿಯಲಿಲ್ಲ.

ತೊಳೆದದ್ದೆಲ್ಲ ಬಂದು ಸೇರುವ ಮೇಜೊಂದಿದೆ. ಅದನ್ನು ನಾವು ನೋಟದ ಮೇಜು ಅನ್ನುತ್ತೇವೆ. ಬಿಳಿ ದೀಪ, ಕಾಲಿನ ಮೇಲೆ ನಿಲ್ಲುವ ಭೂತಕನ್ನಡಿ, ಪ್ರತಿ ಡಬ್ಬಿಗೂ ಒಂದು ಪಟ್ಟಿ. ಅಲ್ಲಿ ದಾಟಿದ್ದು ಸೀದಾ ರೋಗಿಯ ಮೈಯೊಳಗೆ ಹೋಗುತ್ತದೆ. ಅಕ್ಕನ ಜಾಗ ಅದು. ಅವರ ನಿವೃತ್ತಿಗೆ ಹದಿನಾಲ್ಕು ತಿಂಗಳಿದ್ದಾಗ ಇಬ್ಬರು ಹೊಸ ಹೆಂಗಸರನ್ನು ಅವರ ಪಕ್ಕ ಕೂರಿಸಿ ಕಲಿಸೋದು ಅಂತ ಆಫೀಸಿನಲ್ಲಿ ತೀರ್ಮಾನವಾಯಿತು. ಅಕ್ಕನಿಗೆ ಎಷ್ಟು ಖುಷಿ ಅಂದರೆ, ಸಿಕ್ಕಿದವರಿಗೆಲ್ಲ ಹೇಳಿಕೊಂಡು ಬಂದರು. "ಹೋಗೋ ಮುಂಚೆ ಇಲ್ಲಿ ನಾಲ್ಕು ಕಣ್ಣು ಬಿಟ್ಟು ಹೋಗ್ತೀನಿ ನೋಡು" ಅಂತ ನನ್ನ ಹತ್ತಿರವೇ ನಾಲ್ಕು ಸಲ ಹೇಳಿದ್ದರು.

ಇನ್ನು ಎಡಗೈ ಪುಸ್ತಕ. ಇದನ್ನು ಶುರು ಮಾಡಿದ್ದೂ ಅಕ್ಕನೇ. ನಾನು ಬರುವ ಮುಂಚೆ ಒಬ್ಬಾಕೆ ತಪ್ಪು ಒಪ್ಪಿಕೊಂಡು ಎಲ್ಲರೆದುರು ಬೈಸಿಕೊಂಡಳಂತೆ. ಮುಂದಿನ ಸಲ ಅವಳ ಕೈಯಲ್ಲಿ ಒಂದು ಕೊಕ್ಕೆ ಬಾಗಿದಾಗ ಯಾರಿಗೂ ಹೇಳದೆ ಕಸದ ಬುಟ್ಟಿಯ ತಳಕ್ಕೆ ತುರುಕಿದಳು. ಕೊಕ್ಕೆ ರೋಗಿಯ ಹೊಟ್ಟೆಯಲ್ಲೇ ಉಳಿಯಿತೇನೋ ಅಂತ ಇಡೀ ಆಸ್ಪತ್ರೆ ಒಂದು ದಿನ ಕಂಗಾಲಾಯಿತು. ಮಾರನೇ ದಿನ ಅಕ್ಕ ಒಂದು ಉದ್ದ ಪುಸ್ತಕ ತಂದು ತೊಳೆಯುವ ತೊಟ್ಟಿಯ ಪಕ್ಕ ದಾರದಲ್ಲಿ ಕಟ್ಟಿದರು. ಕೈತಪ್ಪಿದ್ದನ್ನು ಅವರವರೇ ಅದರಲ್ಲಿ ಬರೆಯಬೇಕು. ಹೆಸರು ಬರೆಯಬಾರದು. ಅಕ್ಷರದಿಂದ ಗುರುತು ಸಿಗಬಾರದು ಅಂತ ಎಲ್ಲರೂ ಎಡಗೈಯಲ್ಲೇ ಬರೆಯಬೇಕು. ತೊಟ್ಟಿಯ ಹತ್ತಿರ ಕೆಲಸ ಮಾಡುವ ಒಬ್ಬಳು ಹುಟ್ಟಾ ಎಡಚಿ, ಅವಳಿಗೆ ಮಾತ್ರ ಬಲಗೈ. ಮೊದಲ ಪುಟದಲ್ಲಿ ಅಕ್ಕನದೇ ದಪ್ಪ ಸೊಟ್ಟ ಅಕ್ಷರ: "ಯಾರು ಅಂತ ಕೇಳಬಾರದು. ಏನಾಯ್ತು ಅಂತ ಓದಿ."

ಆ ಪುಸ್ತಕದಲ್ಲಿ ಎಲ್ಲರ ಅಕ್ಷರವೂ ಕುಡಿದು ಮನೆಗೆ ಹೊರಟ ಹಾಗೇ ಇರುತ್ತದೆ. "ಸಣ್ಣ ಕೊಳವೆ ಒಳಗೆ ಬ್ರಷ್ ಹಾಕುವುದು ಮರೆತೆ." "ಎರಡು ಡಬ್ಬಿಯ ಪಟ್ಟಿ ಅದಲುಬದಲಾಯಿತು, ಬಾಗಿಲ ಹತ್ತಿರ ನೋಡಿಕೊಂಡೆ." ಬೆಳಿಗ್ಗೆ ಕೆಲಸ ಶುರುವಾಗುವ ಮುಂಚೆ ಎಲ್ಲರೂ ಓದುತ್ತಿದ್ದೆವು. ಹೌದಲ್ಲ, ನನಗೂ ಹೀಗೇ ಆಗಿತ್ತು ಅಂತ ಒಳಗೊಳಗೇ ತಲೆಯಾಡಿಸಿ ಕೆಲಸಕ್ಕೆ ಹೋಗುತ್ತಿದ್ದೆವು. ಇಷ್ಟು ವರ್ಷದಲ್ಲಿ ಒಬ್ಬರೂ ಯಾರು ಅಂತ ಕೇಳಿರಲಿಲ್ಲ.

ಹೋದ ವರ್ಷ ನಮ್ಮ ರೂಮಿಗೆ ಒಂದು ಟ್ಯಾಬ್ಲೆಟ್ ಬಂತು. ಅದರೊಳಗೆ ಕೃತಕ ಬುದ್ಧಿಮತ್ತೆ ಇದೆ ಅಂದರು ಟ್ರೈನಿಂಗ್ ಮೇಡಂ. "ಇಲ್ಲಿ ಅಸಲಿಗೇ ಗತಿಯಿಲ್ಲ, ಇನ್ನು ಕೃತಕ ಬೇರೆ" ಅಂದ ಕುಕ್ಕರಣ್ಣ. ಮೇಡಂ ಒಳ್ಳೆಯವರು, ನಕ್ಕುಬಿಟ್ಟರು. ಪ್ರತಿ ವಾರ ಪುಸ್ತಕದ ಪುಟಗಳ ಫೋಟೋ ತೆಗೆದು ಹಾಕಿದರೆ, ಯಾವ ತಪ್ಪು ಮತ್ತೆ ಮತ್ತೆ ಆಗುತ್ತಿದೆ, ಕೆಲಸ ಹಗುರ ಮಾಡೋಕೆ ಏನು ಮಾಡಬಹುದು ಅಂತ ಅದು ಹೇಳುತ್ತದೆ. ಆದರೆ ಒಂದು ಮಾತು ಅಂತ ಅವರು ದನಿ ಗಟ್ಟಿ ಮಾಡಿದರು. "ಕೆಲಸದ ಬಗ್ಗೆ ಕೇಳಿ, ಕೆಲಸ ಮಾಡೋರ ಬಗ್ಗೆ ಕೇಳಬೇಡಿ. ಅದು ಹೇಳಿದ್ದನ್ನ ನೀವೇ ಒಮ್ಮೆ ಕಣ್ಣಾರೆ ನೋಡಿ. ತೀರ್ಮಾನ ನಿಮ್ಮದು, ಅದರ ತಲೆಗೆ ಕಟ್ಟಬೇಡಿ." ಇದನ್ನೇ ಬರೆದಿದ್ದ ಕಾಗದಕ್ಕೆ ಸೂಪರ್‌ವೈಸರ್ ಅಂತ ನಾನು ಸಹಿ ಹಾಕಿದೆ.

ಅಕ್ಕ ಕೈ ಒರೆಸಿಕೊಳ್ಳುತ್ತಾ ಕೇಳಿದರು, "ಅಲ್ಲಾ ಮೇಡಂ, ಈ ಮೆಷಿನ್ನೇ ತಪ್ಪು ಮಾಡಿದ್ರೆ ಯಾವ ಪುಸ್ತಕದಲ್ಲಿ ಬರೆಯುತ್ತೆ?"

"ಅದನ್ನ ನೀವೇ ಹಿಡೀಬೇಕು" ಅಂದರು ಮೇಡಂ.

ನಿಜ ಹೇಳಬೇಕು, ಅದು ಚೆನ್ನಾಗಿಯೇ ಕೆಲಸ ಮಾಡಿತು. ಸಣ್ಣ ಕೊಳವೆಗಳ ತಪ್ಪೆಲ್ಲ ವಾರದ ಮೊದಲ ದಿನ ಮಧ್ಯಾಹ್ನದ ಮೇಲೇ ಆಗುತ್ತಿದೆ, ಆ ದಿನ ಡಬ್ಬಿಗಳು ಹೆಚ್ಚು ಬರುತ್ತವೆ, ಬ್ರಷ್‌ಗಳನ್ನು ಅಳತೆ ಪ್ರಕಾರ ತೊಟ್ಟಿಯ ಮೇಲೆ ನೇತುಹಾಕಿದರೆ ಹುಡುಕಾಟ ತಪ್ಪುತ್ತದೆ ಅಂತ ತೋರಿಸಿತು. ನೇತುಹಾಕಿದೆವು. ತಪ್ಪು ಅರ್ಧಕ್ಕೆ ಇಳಿಯಿತು. "ಹೊಸ ಸೊಸೆ ಪರವಾಗಿಲ್ಲ" ಅಂದರು ಅಕ್ಕ. "ಮಾತು ಸ್ವಲ್ಪ ಜಾಸ್ತಿ, ಆದ್ರೆ ಕಣ್ಣಿದೆ."

ಹೀಗೆ ನಾಲ್ಕು ತಿಂಗಳು ಕಳೆದ ಮೇಲೆ ಒಂದು ದಿನ ಮೂಳೆ ಡಾಕ್ಟರು ಬಿರುಗಾಳಿಯ ಹಾಗೆ ಕೆಳಗಿಳಿದು ಬಂದರು. ಅವರ ಡಬ್ಬಿಯಲ್ಲಿ ಎರಡು ಇರಬೇಕಾದ ಸಣ್ಣ ಕೊಕ್ಕೆ ಒಂದೇ ಇತ್ತು. ರೋಗಿಯನ್ನು ಮೇಜಿನ ಮೇಲೆ ಮಲಗಿಸಿಯಾಗಿತ್ತು. ಇನ್ನೊಂದು ಡಬ್ಬಿ ಹೋಗುವ ತನಕ ಆ ಮನುಷ್ಯ ಇಪ್ಪತ್ತು ನಿಮಿಷ ದೀಪ ನೋಡುತ್ತಾ ಮಲಗಿದ್ದನಂತೆ. ಡಾಕ್ಟರು ನನ್ನ ಮುಂದೆ ಎರಡು ಬೆರಳು ಹಿಡಿದು, "ಇದೆಷ್ಟು? ಹೇಳಿ, ಇದೆಷ್ಟು? ಇಷ್ಟು ಎಣಿಸೋಕೂ ಬರಲ್ವಾ?" ಅಂದರು. ಎಂಟು ಜನ ನೋಡುತ್ತಾ ನಿಂತಿದ್ದರು. ನಾನು "ಎರಡು ಸಾರ್" ಅಂದೆ. ಸ್ಕೂಲಿನಲ್ಲೂ ನನಗೆ ಅಷ್ಟು ಅವಮಾನ ಆಗಿರಲಿಲ್ಲ.

ಆ ದಿನ ಮಧ್ಯಾಹ್ನ ಪುಸ್ತಕದಲ್ಲಿ ಸೊಟ್ಟ ಅಕ್ಷರದ ಎರಡು ಸಾಲು ಬಂತು. "ಎಣಿಸುವಾಗ ಯಾರೋ ಮಾತಾಡಿಸಿದರು. ನಿಲ್ಲಿಸಿದ ಕಡೆಯಿಂದ ಎಣಿಸಿದೆ, ಮೊದಲಿಂದ ಎಣಿಸಬೇಕಿತ್ತು."

ಓದಿ ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಮುಖಕ್ಕೆ ಮಸಿ ಬಳಿದವರು ಇಲ್ಲೇ ಇದ್ದಾರೆ, ಇಲ್ಲೇ ಓಡಾಡುತ್ತಿದ್ದಾರೆ, ನನಗೆ ಟೀ ಕೂಡ ತಂದುಕೊಟ್ಟಿರಬಹುದು! ಎಲ್ಲರೂ ಊಟಕ್ಕೆ ಹೋದಾಗ ಟ್ಯಾಬ್ಲೆಟ್ ತೆಗೆದುಕೊಂಡು ಕೂತೆ. ಫೋಟೋ ಹಾಕಿ, "ಇದನ್ನು ಬರೆದವರು ಯಾರು?" ಅಂತ ಕೇಳಿದೆ.

ಹೆಸರಿಲ್ಲ ಅನ್ನುವ ಧೈರ್ಯದಿಂದಲೇ ಜನ ಇದರಲ್ಲಿ ಬರೆಯುತ್ತಿದ್ದಾರೆ, ಹಾಗಾಗಿ ಬರೆದವರನ್ನು ಹುಡುಕುವುದು ಬೇಡ ಅಂದಿತು ಅದು. ಎಣಿಸುವವರನ್ನು ಯಾರೂ ಮಾತಾಡಿಸದ ಹಾಗೆ ಏನು ಮಾಡಬಹುದು ಅಂತ ಹೇಳಲೇ ಅಂತ ಕೇಳಿತು.

"ಬಂದುಬಿಡ್ತು ನನಗೆ ಬುದ್ಧಿ ಹೇಳೋಕೆ" ಅಂತ ಅದಕ್ಕೇ ಬೈದೆ. ಆಮೇಲೆ ನನ್ನ ಜಾಣತನ ನೋಡಿ. ನಾಲ್ಕು ತಿಂಗಳ ಡ್ಯೂಟಿ ಪಟ್ಟಿಯ ಫೋಟೋ ತೆಗೆದು ಹಾಕಿದೆ. ಯಾರು ಅಂತ ಕೇಳಲಿಲ್ಲ. ಎಣಿಕೆ ತಪ್ಪಿದ ಬರಹ ಇರುವ ದಿನಗಳಲ್ಲಿ ಡ್ಯೂಟಿಯಲ್ಲಿದ್ದವರು ಯಾರ್ಯಾರು, ಒಂದು ಟೇಬಲ್ ಮಾಡಿಕೊಡು ಅಂದೆ. ಹೇಳಿದ್ದನ್ನು ಮಾಡಿಕೊಟ್ಟಿತು. ಅಂಥ ದಿನಗಳು ಹದಿನಾಲ್ಕು. ಉಳಿದವರೆಲ್ಲ ಏಳು, ಎಂಟು, ಒಂಬತ್ತು ದಿನ ಇದ್ದರು. ಕತ್ತರಿ ಅಕ್ಕ ಹದಿಮೂರು ದಿನ.

ಟೇಬಲ್ಲಿನ ಕೆಳಗೆ ಇನ್ನೂ ಎರಡು ಸಾಲಿತ್ತು. ಇದರಿಂದ ತಪ್ಪು ಯಾರದು ಅಂತ ತಿಳಿಯುವುದಿಲ್ಲ, ಹೆಚ್ಚು ದಿನ ಕೆಲಸಕ್ಕೆ ಬಂದವರ ಹೆಸರು ಇದರಲ್ಲಿ ಹೆಚ್ಚು ಸಲ ಬಂದೇ ಬರುತ್ತದೆ ಅಂತ. ನಾನು ಅದನ್ನು ಓದಲಿಲ್ಲ. ಅಕ್ಷರ ಸಣ್ಣದಿತ್ತು ಅಂತ ನೆಪ ಹೇಳಬಹುದಿತ್ತು. ಸಣ್ಣದೇನೂ ಇರಲಿಲ್ಲ.

ಅಕ್ಕನ ಹೆಸರನ್ನು ಮೊದಲು ಎರಡು ಸಲ ಓದಿದೆ. ಆಮೇಲೆ, ಹೇಳೋಕೆ ನಾಚಿಕೆಯಾಗುತ್ತದೆ, ಒಂದು ತರಹ ನೆಮ್ಮದಿ ಆಯಿತು. ಗೊತ್ತಾಯಿತಲ್ಲ ಅನ್ನುವ ನೆಮ್ಮದಿ. ಪಾಪ, ವಯಸ್ಸಾಯಿತು, ಕಣ್ಣು ಮಂಜಾಗಿರಬೇಕು, ಬಾಯಿಬಿಟ್ಟು ಹೇಳೋಕೆ ಆಗುತ್ತಿಲ್ಲ ಅಂತ ನಾನೇ ಒಂದು ಕಥೆ ಕಟ್ಟಿಕೊಂಡೆ. ನನ್ನನ್ನು ನಾನೇ ದೊಡ್ಡ ಮನಸ್ಸಿನವಳು ಅಂದುಕೊಂಡೆ.

ಮಾರನೇ ದಿನ ಬೆಳಿಗ್ಗೆ ನೋಟದ ಮೇಜಿನ ಹತ್ತಿರ ಹೋಗಿ ಹೇಳಿದೆ. "ಅಕ್ಕ, ಇವತ್ತಿಂದ ಬಟ್ಟೆ ಮಡಿಸೋ ಮೇಜಿಗೆ ಬನ್ನಿ. ಕಣ್ಣಿಗೆ ಸ್ವಲ್ಪ ವಿಶ್ರಾಂತಿ ಸಿಗಲಿ."

"ನನ್ನ ಕಣ್ಣಿಗೆ ಏನಾಗಿದೆ?"

"ಏನಿಲ್ಲ ಅಕ್ಕ... ಆ ಮೆಷಿನ್ ಲೆಕ್ಕ ಹಾಕಿ ಹೇಳಿದೆ. ಎಣಿಕೆ ತಪ್ಪಿದ ಹದಿನಾಲ್ಕು ದಿನದಲ್ಲಿ ಹದಿಮೂರು ದಿನ ನೀವೇ ಇದ್ರಿ ಅಂತ."

ಅವರನ್ನು ಎಬ್ಬಿಸು ಅಂತ ಮೆಷಿನ್ ಎಲ್ಲಿ ಹೇಳಿತ್ತು? ನನ್ನ ತೀರ್ಮಾನವನ್ನು ಅದರ ತಲೆಗೆ ಕಟ್ಟಿದೆ. ನಾನು ಹೇಳ್ತಾ ಇದ್ದೀನಿ ಅಂದಿದ್ದರೆ ಅಕ್ಕ ಜಗಳಕ್ಕೆ ನಿಲ್ಲುತ್ತಿದ್ದರು, ನನ್ನ ಕಿವಿ ಹಿಂಡುತ್ತಿದ್ದರು. ನನಗೆ ಚಿಮಟ ಹಿಡಿಯೋಕೆ ಕಲಿಸಿದವರು, ನನಗೆ ಯಾಕೆ ಹೆದರಬೇಕು? ಮೆಷಿನ್ ಹತ್ತಿರ ಹೇಗೆ ಜಗಳ ಮಾಡುತ್ತಾರೆ? ಪಕ್ಕದಲ್ಲಿ ಕಲಿಯುತ್ತಿದ್ದ ಇಬ್ಬರು ಹೆಂಗಸರು ನೆಲ ನೋಡಿದರು. ಅಕ್ಕ ಭೂತಕನ್ನಡಿಯನ್ನು ಬಟ್ಟೆಯಲ್ಲಿ ಒರೆಸಿ, ಅದರ ಜಾಗದಲ್ಲಿ ನಿಲ್ಲಿಸಿ ಎದ್ದರು.

"ಹದಿಮೂರು ಸಲವಾ? ನನಗೆ ಒಂದ್ಸಲನೂ ಗೊತ್ತಾಗ್ಲಿಲ್ವಲ್ಲ" ಅಂದರು. ಬಟ್ಟೆ ಮೇಜಿಗೆ ಹೋಗಿ ಕೂತು ಮಡಿಸತೊಡಗಿದರು.

ಅದಾದ ಮೇಲೆ ಮೂರು ವಾರ ಎಡಗೈ ಪುಸ್ತಕದಲ್ಲಿ ಒಂದು ಅಕ್ಷರವೂ ಬೀಳಲಿಲ್ಲ. ಆಫೀಸಿನಿಂದ ಅಭಿನಂದನೆಯ ಪತ್ರ ಬಂತು. ಸತತ ಮೂರು ವಾರ ಒಂದೂ ತಪ್ಪಿಲ್ಲದ ವಿಭಾಗ ಅಂತ. ನಾನು ಅದನ್ನು ಗೋಡೆಗೆ ಅಂಟಿಸಿದೆ ಕೂಡ. ಮೆಷಿನ್ ಮಾತ್ರ ಆ ವಾರದ ವರದಿಯಲ್ಲಿ, ತಪ್ಪುಗಳು ಆಗುತ್ತಿಲ್ಲವೋ, ಬರೆಯುವುದು ನಿಂತಿದೆಯೋ ಪರೀಕ್ಷಿಸಿ ಅಂತ ಬರೆದಿತ್ತು. ಅಸೂಯೆ ಇದಕ್ಕೆ ಅಂತ ನಕ್ಕೆ.

ಮೂರನೇ ವಾರದ ಕೊನೆಗೆ ಅಕ್ಕ ರಜೆ ಹಾಕಿದರು. ಇಪ್ಪತ್ತೇಳು ವರ್ಷದಲ್ಲಿ ಜ್ವರಕ್ಕೂ ರಜೆ ಹಾಕದವರು. ಆ ದಿನ ಕುಕ್ಕರಣ್ಣ ನನ್ನ ಮೇಜಿನ ಮುಂದೆ ಬಂದು ಒಂದು ತಟ್ಟೆ ಇಟ್ಟ. ಅದರಲ್ಲಿ ತುಕ್ಕು ಹಿಡಿದ ಒಂದು ಚಿಮಟ, ಒಳಗೆ ಕಪ್ಪು ಅಂಟಿದ ಒಂದು ಕೊಳವೆ, ತಪ್ಪು ಡಬ್ಬಿಗೆ ಬಿದ್ದಿದ್ದ ಎರಡು ಕತ್ತರಿ.

"ಏನಣ್ಣ ಇದು?"

"ಮೂರು ವಾರದಲ್ಲಿ ಹಬೆಗೆ ಹಾಕೋ ಮುಂಚೆ ನನ್ನ ಕಣ್ಣಿಗೆ ಬಿದ್ದಿದ್ದು. ಬೀಳದೇ ಮೇಲೆ ಹೋಗಿದ್ದು ಎಷ್ಟೋ."

"ಮತ್ತೆ ಯಾರೂ ಬರೆದೇ ಇಲ್ಲ?"

"ಬರೆಯೋದಾ?" ಅವನು ಕೂತುಕೊಂಡ. "ನೀನು ಮಾಡಿಸಿದ ಟೇಬಲ್ ಆ ಟ್ಯಾಬ್ಲೆಟ್ಟಿನಲ್ಲೇ ಇತ್ತಲ್ಲಮ್ಮ. ತೆಗೆದರೆ ಮೊದಲು ಕಾಣೋದೇ ಅದು. ಎಲ್ಲರೂ ನೋಡಿದ್ವಿ. ಯಾರು ಅಂತ ನೀನು ಕೇಳಿದ್ದೂ ನೋಡಿದ್ವಿ, ಬೇಡ ಅಂತ ಅದು ಹೇಳಿದ್ದೂ ನೋಡಿದ್ವಿ. ಇನ್ನು ಆ ಪುಸ್ತಕ ಯಾರು ಮುಟ್ಟುತ್ತಾರೆ?"

"ಆದ್ರೆ ಅಕ್ಕ ಹದಿಮೂರು ದಿನ ಇದ್ದರಲ್ಲ ಅಣ್ಣ."

"ಇದ್ದರು. ಅವರು ಯಾವ ದಿನ ಇರ್ಲಿಲ್ಲ ಹೇಳು? ಎಡಚಿ ಮಗೂಗೆ ಹುಷಾರಿಲ್ಲ ಅಂದ್ರೆ ಅವಳ ಬದಲು ಅಕ್ಕ. ನನ್ನ ಹೆಂಡತಿ ಕಾಲು ಮುರ್ಕೊಂಡಾಗ ನನ್ನ ಬದಲು ಹಬೆ ಮೆಷಿನ್ ಮುಂದೆ ನಿಂತೋರು ಅಕ್ಕ. ನಿನ್ನ ಅಮ್ಮ ಹಾಸಿಗೆ ಹಿಡಿದಾಗ ಹನ್ನೊಂದು ದಿನ ನಿನ್ನ ಕೆಲಸ ಯಾರು ನೋಡ್ಕೊಂಡ್ರು? ಆ ಪಟ್ಟಿ ಬರೆಯೋಳು ನೀನೇ ಅಲ್ವೇನಮ್ಮ?"

ಹೌದು. ಡ್ಯೂಟಿ ಪಟ್ಟಿ ನನ್ನ ಕೈಯಲ್ಲೇ ಬರೆದದ್ದು. ಯಾರ ಬದಲು ಅಂತ ಪಕ್ಕದಲ್ಲಿ ನಾನೇ ಬರೆದಿದ್ದೆ. ಅಕ್ಕ ಎಷ್ಟು ಜನರ ಕಷ್ಟಕ್ಕೆ ಬಂದಿದ್ದರೋ ಅಷ್ಟನ್ನೂ ಒಟ್ಟು ಮಾಡಿ ಅವರ ತಪ್ಪು ಅಂತ ಓದಿಕೊಂಡಿದ್ದೆ ನಾನು. ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು. ಗೋಡೆಯ ಮೇಲಿದ್ದ ಅಭಿನಂದನೆಯ ಪತ್ರವನ್ನು ಕುಕ್ಕರಣ್ಣನ ಎದುರಿಗೇ ಕಿತ್ತು ತೆಗೆದೆ. ಅವನು ತಟ್ಟೆ ಅಲ್ಲೇ ಬಿಟ್ಟು ಎದ್ದು ಹೋದ.

ಅವತ್ತು ಸಂಜೆಯೇ ಅಕ್ಕನ ಮನೆಗೆ ಹೋದೆ. ಮಾರ್ಕೆಟ್ ಹಿಂದಿನ ರಸ್ತೆ, ಸೈಕಲ್ ರಿಪೇರಿ ಅಂಗಡಿಯ ಮೇಲೆ ಎರಡು ರೂಮಿನ ಮನೆ. ಬಾಗಿಲು ತೆಗೆದವರು ಅವರ ಗಂಡ. ಮೂವತ್ತು ವರ್ಷ ಬಸ್ ಓಡಿಸಿ ನಿವೃತ್ತರಾದವರು, ನಾವೆಲ್ಲ ಡ್ರೈವರ್ ಭಾವ ಅನ್ನುತ್ತೇವೆ. ಯಾವಾಗ ಹೋದರೂ "ಬಂತಪ್ಪಾ ರೇಡಿಯೋ" ಅಂತ ನನ್ನನ್ನು ಕಿಚಾಯಿಸುವವರು. ಅವತ್ತು ಬಾಗಿಲು ತೆಗೆದು ಪಕ್ಕಕ್ಕೆ ಸರಿದರು, ಅಷ್ಟೇ.

ಒಳಗೆ ಊಟದ ಮೇಜಿನ ಮೇಲೆ ಒಂದು ದೀಪ ಹಚ್ಚಿಟ್ಟಿತ್ತು. ಅದರ ಕೆಳಗೆ ಅಂಗಿ ಗುಂಡಿಗಳ ರಾಶಿ. ಅಕ್ಕ ಬಗ್ಗಿ ಕೂತು ಎಣಿಸುತ್ತಿದ್ದರು. ಪಕ್ಕದಲ್ಲಿ ಭಾವನ ಅಕ್ಷರದಲ್ಲಿ ತುಂಬಿದ ಕಾಗದ, ಸಾಲು ಸಾಲಾಗಿ ಅಂಕಿ, ಪ್ರತಿ ಅಂಕಿಯ ಮುಂದೆ ಸರಿ ಗುರುತು.

"ದಿನಾ ಇದೇ ಕೆಲಸ" ಅಂದರು ಭಾವ. "ನಾನು ಎಣಿಸಿ ಇಡಬೇಕು, ಅವಳು ಎಣಿಸಿ ಹೇಳಬೇಕು. ಒಂದೊಂದ್ಸಲ ಎರಡು ಗುಂಡಿ ಬಚ್ಚಿಡು ಅಂತಾಳೆ, ಬಚ್ಚಿಡ್ತೀನಿ. ಇಲ್ಲಿತನಕ ಇನ್ನೂರು ಸಲ ಆಗಿದೆ. ಒಂದೂ ತಪ್ಪಿಲ್ಲ. ಕಣ್ಣಿನ ಡಾಕ್ಟ್ರಿಗೂ ತೋರಿಸಿದ್ವಿ, ಏನೂ ಇಲ್ಲ ಅಂದ್ರು. ಆದ್ರೂ ಮೆಷಿನ್ ಸುಳ್ಳು ಹೇಳುತ್ತಾ ಅಂತಾಳೆ. ನೀನೇ ಹೇಳು, ಹೇಳುತ್ತಾ?"

ನನಗೆ ಅಳು ತಡೆಯಲಿಲ್ಲ. ನಿಂತಲ್ಲೇ ಅತ್ತೆ. "ಅಕ್ಕ, ಅದು ಹೇಳ್ಲಿಲ್ಲ. ನಾನು ಹೇಳಿಸಿದೆ."

ಕೂತು ಎಲ್ಲ ಹೇಳಿದೆ. ಯಾರು ಅಂತ ಕೇಳಿದ್ದು, ಬೇಡ ಅಂದರೂ ಸುತ್ತು ಬಳಸಿ ಟೇಬಲ್ ಮಾಡಿಸಿದ್ದು, ಕೆಳಗಿನ ಎರಡು ಸಾಲು ಓದದೇ ಇದ್ದದ್ದು, ನನ್ನ ಮಾತನ್ನು ಅದರ ಬಾಯಿಗೆ ಹಾಕಿದ್ದು. ಅಕ್ಕ ಗುಂಡಿಗಳನ್ನು ಒಂದು ಡಬ್ಬಿಗೆ ತುಂಬುತ್ತಾ ಕೇಳಿಸಿಕೊಂಡರು.

"ನನ್ನನ್ನೇ ಕೇಳಿದ್ರೆ ಹೇಳ್ತಿರ್ಲಿಲ್ವೇನೇ?" ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಅಕ್ಕ, ಕೈ ತಪ್ಪುತ್ತಿದೆಯಾ ಅಂತ ಒಂದು ಮಾತು. ಹದಿನಾರು ವರ್ಷದಲ್ಲಿ ನಾನು ನಿನಗೆ ಎಂದಾದ್ರೂ ಸುಳ್ಳು ಹೇಳಿದೀನಾ?"

"ಇಲ್ಲ ಅಕ್ಕ."

"ಆ ದಿನ ಮೂಳೆ ಡಾಕ್ಟ್ರ ಡಬ್ಬಿ ಎಣಿಸಿದ್ದು ಯಾರು ಅಂತ ನನಗೆ ಗೊತ್ತು, ಪಕ್ಕದಲ್ಲೇ ಇದ್ದೆ. ಅದನ್ನ ಹೇಳಲ್ಲ. ಆದ್ರೆ ಮಾತಾಡಿಸಿದ್ದು ಯಾರು ಅಂತ ಹೇಳ್ತೀನಿ. ನೀನು. ನಿಮ್ಮನೆ ನಲ್ಲಿ ರಿಪೇರಿಯವನು ಬರ್ತೀನಿ ಅಂತ ಹೇಳಿ ಕೈಕೊಟ್ಟ ಅಂತ ಕಾಲು ಗಂಟೆ ನಿಂತು ಹೇಳಿದೆ. ನಾನು ಕಣ್ಣಲ್ಲಿ ಸನ್ನೆ ಮಾಡ್ದೆ, ನೀನು ನೋಡ್ಲಿಲ್ಲ."

ಆ ನಲ್ಲಿಯವನ ಕಥೆ ನನಗೆ ಚೆನ್ನಾಗಿ ನೆನಪಿತ್ತು. ಎಲ್ಲಿ ನಿಂತು ಹೇಳಿದೆ, ಯಾರ ಕೈಯಲ್ಲಿ ಏನಿತ್ತು, ಅದು ಮಾತ್ರ ನೆನಪಿರಲಿಲ್ಲ. ಪುಸ್ತಕದಲ್ಲಿ ಬರೆದಿದ್ದ ಆ "ಯಾರೋ" ನಾನೇ. ಅದರ ಪರಿಹಾರ ಹೇಳಲೇ ಅಂತ ಮೆಷಿನ್ ಕೇಳಿದ್ದೂ ನನ್ನನ್ನೇ. ಬೈದು ಬಾಯಿ ಮುಚ್ಚಿಸಿದ್ದೆ.

"ವಾಪಸ್ ಬನ್ನಿ ಅಕ್ಕ. ನಾಳೆನೇ. ನಿಮ್ಮ ಮೇಜಿಗೆ. ಎಲ್ಲರೆದುರು ನಾನು ಹೇಳ್ತೀನಿ."

ಭಾವ ಹೇಳಿದರು. "ಬಸ್ ಬ್ರೇಕ್ ಮೇಲೆ ಒಂದ್ಸಲ ಅನುಮಾನ ಬಂತು ಅಂತಿಟ್ಕೋ. ಮೆಕ್ಯಾನಿಕ್ ಬಂದು ಎಲ್ಲ ಸರಿ ಇದೆ ಅಂದ್ರೂ, ಕಾಲು ಅಲ್ಲಿಂದ ಏಳಲ್ಲ. ಅದು ಹಾಗೇ ತಂಗಿ."

ಮಾರನೇ ದಿನ ಬೆಳಿಗ್ಗೆ ಎಲ್ಲರನ್ನೂ ನಿಲ್ಲಿಸಿ ಹೇಳಿದೆ. ಮಾತಿನಲ್ಲಿ ನಾನು ಎತ್ತಿದ ಕೈ ಅಂದುಕೊಂಡಿದ್ದೆ. ನಾಲ್ಕು ವಾಕ್ಯಕ್ಕೇ ಮಾತು ಮುಗಿಯಿತು. ಯಾರೂ ಸಮಾಧಾನ ಹೇಳಲಿಲ್ಲ, ಯಾರೂ ಬೈಯಲೂ ಇಲ್ಲ. ಎಡಚಿ ಒಬ್ಬಳು, "ನಾವು ಕೆಲಸ ಶುರು ಮಾಡೋಣ್ವಾ?" ಅಂತ ಕೇಳಿದಳು. ಆಮೇಲೆ ಟ್ರೈನಿಂಗ್ ಮೇಡಂ ಹತ್ತಿರ ಹೋಗಿ, ಸಹಿ ಹಾಕಿದ ಕಾಗದ ಮುಂದಿಟ್ಟು, ನನ್ನನ್ನು ಈ ಕೆಲಸದಿಂದ ಇಳಿಸಿಬಿಡಿ ಅಂದೆ. ಅವರು ಕಾಗದವನ್ನು ನನ್ನ ಕಡೆಗೇ ತಳ್ಳಿ, "ಇಳಿದುಬಿಟ್ರೆ ನಿಮಗೆ ಸುಲಭ. ಇದ್ದು ಸರಿಮಾಡಿ" ಅಂದರು. ಡ್ಯೂಟಿ ಪಟ್ಟಿಯನ್ನು ಆ ಪುಸ್ತಕದ ಜೊತೆ ಸೇರಿಸದ ಹಾಗೆ ಅವತ್ತೇ ಬಂದೋಬಸ್ತು ಮಾಡಿದರು. ಟೇಬಲ್ ಅಳಿಸಿದರು. ನೋಡಿದವರ ಮನಸ್ಸಿನಿಂದ ಅಳಿಸೋಕೆ ಅವರಿಗೂ ಆಗಲಿಲ್ಲ.

ಮೆಷಿನ್ನಿಗೆ ಈಗ ಕೇಳಬೇಕಾದ್ದನ್ನು ಕೇಳುತ್ತೇನೆ. ಅದು ಹೇಳಿದ ಹಾಗೆ, ಎಣಿಸುವವರು ಹೆಗಲ ಮೇಲೆ ಹಳದಿ ಬಟ್ಟೆ ಹಾಕಿಕೊಳ್ಳುತ್ತಾರೆ. ಅದು ಕಂಡರೆ ಆಸ್ಪತ್ರೆಯ ದೊಡ್ಡ ಡಾಕ್ಟರೇ ಬಂದರೂ ಮಾತಾಡುವಂತಿಲ್ಲ. ಹಾಕುವ ಮುಂಚೆ ಒಂಬತ್ತು ಜನರನ್ನೂ ಕೇಳಿಯೇ ಜಾರಿಗೆ ತಂದೆವು. ಎಷ್ಟೋ ಸಲ ಮಾತು ಬಾಯಿಯ ತನಕ ಬಂದು, ಹಳದಿ ಕಂಡು ನುಂಗಿದ್ದೇನೆ. ಪುಸ್ತಕದಲ್ಲಿ ಎರಡು ತಿಂಗಳಾದ ಮೇಲೆ ಒಂದು ಸಾಲು ಬಂತು, ಆಮೇಲೆ ಇನ್ನೊಂದು. ಮೊದಲಿನ ಹಾಗಿಲ್ಲ. ಅಳೆದು ತೂಗಿ ಬರೆಯುತ್ತಾರೆ.

ಅಕ್ಕ ಮಾತ್ರ ನಾನು ಅವರ ಮನೆಗೆ ಹೋಗಿ ಬಂದ ಒಂದು ವಾರಕ್ಕೇ ಕೆಲಸಕ್ಕೆ ಬಂದರು. ನೋಟದ ಮೇಜಿಗೇ ಬಂದು ಕೂತರು. ಹೊಸ ಹೆಂಗಸರಿಬ್ಬರೂ ಅಕ್ಕಪಕ್ಕ ಕೂತರು. ಕತ್ತರಿಗಳನ್ನು ಮೊದಲಿನ ಹಾಗೇ ಕಿವಿಗೆ ಹಿಡಿದು ನೋಡಿದರು. ನನಗೆ ಹೋದ ಜೀವ ಬಂದ ಹಾಗಾಯಿತು. ಆಮೇಲೆ ಹಳದಿ ಬಟ್ಟೆ ಹಾಕಿಕೊಂಡು ಎಣಿಕೆಗೆ ಕೂತರು. ಎಣಿಸಿದರು, ಪಟ್ಟಿ ನೋಡಿದರು, ಮುಚ್ಚಳ ಹಾಕಿದರು. ಮತ್ತೆ ತೆಗೆದರು. ಎಲ್ಲ ಹೊರಗೆ ತೆಗೆದು ಮೊದಲಿಂದ ಎಣಿಸಿದರು. ಮುಚ್ಚಳ ಹಾಕಿ ಕುಕ್ಕರಣ್ಣನ ಕೈಗೆ ಕೊಟ್ಟು, ಅವನು ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ, "ಅಣ್ಣ, ತಾ ಇಲ್ಲಿ" ಅಂದರು. ಒಂದು ಡಬ್ಬಿಗೆ ಐದು ನಿಮಿಷ ಸಾಕಿದ್ದವರಿಗೆ ಅರ್ಧ ಗಂಟೆ ಹಿಡಿಯಿತು. ಮೇಲಿನಿಂದ ಥಿಯೇಟರಿನವರು ಎರಡು ಸಲ ಫೋನ್ ಮಾಡಿದರು.

ಹತ್ತಿರ ಹೋದೆ. ಅಕ್ಕ ಹಳದಿ ಬಟ್ಟೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದರು.

"ಅಕ್ಕ, ತಪ್ಪು ನಂದು ಅಂತ ಎಲ್ಲರಿಗೂ ಹೇಳಿದೀನಲ್ಲ. ನಿಮ್ಮದು ಏನೂ ಇಲ್ಲ. ನಿಮಗೂ ಗೊತ್ತಲ್ಲ."

"ನನಗೆ ಗೊತ್ತು. ಈ ಕೈಗೆ ಗೊತ್ತಾಗ್ತಿಲ್ವಲ್ಲೇ" ಅಂದರು.

ಪಟ್ಟಿಯನ್ನು ನನ್ನ ಕಡೆ ತಳ್ಳಿದರು. ಹಳದಿ ಬಟ್ಟೆ ನನ್ನ ಹೆಗಲಿಗೆ ಹಾಕಿ, "ನೀನೇ ಎಣಿಸು" ಅಂದರು. ಎಣಿಸಿದೆ. ಪಟ್ಟಿಯಲ್ಲಿ ಮೂವತ್ತೆಂಟು, ಡಬ್ಬಿಯಲ್ಲೂ ಮೂವತ್ತೆಂಟು. ಅಕ್ಕ ಮೊದಲ ಸಲವೇ ಸರಿಯಾಗಿ ಎಣಿಸಿದ್ದರು.

"ಸರಿ ಇದೆ ಅಕ್ಕ."

ಅವರು ನನ್ನ ಮುಖ ನೋಡಿದರು, ಡಬ್ಬಿ ನೋಡಿದರು.

"ಇನ್ನೊಂದ್ಸಲ ಎಣಿಸು" ಅಂದರು.